ಕೊಡಗಿನ ಮಳೆ ತಾಳುವ ಪೈಪ್ ಇನ್ಸುಲೇಷನ್: ಆಯ್ಕೆ, ಅಳತೆ, ಕಟ್ಟುವ ಕ್ರಮ

ಸ್ಟೀಮ್ ಪೈಪಿಗೆ ಎಷ್ಟು ದಪ್ಪದ ರಾಕ್‌ವೂಲ್ (ಕಲ್ಲಿನ ನಾರಿನ ಹೊದಿಕೆ) ಸುತ್ತಬೇಕು ಎಂದು ಎಲ್ಲರೂ ಮೊದಲು ಕೇಳುತ್ತಾರೆ. ಕೊಡಗಿನಲ್ಲಿ ಅದಕ್ಕೂ ಮೊದಲು ಕೇಳಬೇಕಾದ ಪ್ರಶ್ನೆ ಬೇರೆ: ಮೇಲಿನ ತಗಡಿನ ಸಂದು ಯಾವ ಕಡೆಗೆ ಬಾಯಿ ತೆರೆದಿದೆ? ಒಣಗಿದ ರಾಕ್‌ವೂಲ್ ಶಾಖ ತಡೆಯುವುದು ಅದರ ಎಳೆಗಳ ನಡುವೆ ಸಿಕ್ಕಿಕೊಂಡ ಗಾಳಿಯಿಂದ. ಅದರ ಶಾಖವಾಹಕತೆ ಸುಮಾರು 0.04 ವ್ಯಾಟ್/ಮೀ.ಕೆಲ್ವಿನ್. ನೀರಿನದು 0.6, ಅಂದರೆ ಹದಿನೈದು ಪಟ್ಟು. ಗಾಳಿ ಇದ್ದ ಜಾಗಕ್ಕೆ ಮಳೆ ನೀರು ಇಳಿಯಿತೆಂದರೆ 50 ಮಿ.ಮೀ. ದಪ್ಪದ ಹೊದಿಕೆ ಇದ್ದೂ ಇಲ್ಲದಂತೆ. ಅಷ್ಟೇ ಅಲ್ಲ, ಒಳಗೆ ನಿಂತ ನೀರು ಕುದಿದು ಆವಿಯಾಗಲು ನಿಮ್ಮ ಬಾಯ್ಲರಿನ ಶಾಖವನ್ನೇ ಹೀರುತ್ತದೆ, ಪೈಪನ್ನು ತುಕ್ಕು ಹಿಡಿಸುತ್ತದೆ.

ಮಡಿಕೇರಿಯಲ್ಲಿ ವರ್ಷಕ್ಕೆ 3000 ಮಿ.ಮೀ. ದಾಟಿ ಮಳೆ ಬೀಳುತ್ತದೆ, ಭಾಗಮಂಡಲದ ಕಡೆ ಅದಕ್ಕೂ ಹೆಚ್ಚು. ಕುಶಾಲನಗರದಲ್ಲಿ ಅದರ ಅರ್ಧವೂ ಇಲ್ಲ. ಹಾಗಾಗಿ ಕುಶಾಲನಗರದ ಬಳಿಯ ಕೂಡ್ಲೂರು ಕೈಗಾರಿಕಾ ಪ್ರದೇಶದ ಶೆಡ್ಡಿನೊಳಗೆ ಹತ್ತು ವರ್ಷ ಬಾಳುವ ಕೆಲಸವನ್ನೇ ಮಡಿಕೇರಿ ಬೆಟ್ಟದ ರೆಸಾರ್ಟಿನ ಲಾಂಡ್ರಿ ಲೈನಿಗೆ ಹಾಗೆಯೇ ನಕಲು ಮಾಡಿದರೆ ಎರಡು ಮುಂಗಾರು ಕಳೆಯುವುದರೊಳಗೆ ಕೆಡಬಹುದು. ದಪ್ಪ ಅದೇ ಇರಲಿ, ತಗಡಿನ ಕೆಲಸ ಮಾತ್ರ ಜಾಗಕ್ಕೆ ತಕ್ಕಂತೆ ಬದಲಾಗಬೇಕು.

ಹೊದಿಕೆಯಿಂದ ಎಷ್ಟು ಉಳಿಯುತ್ತದೆ

7 ಬಾರ್ ಒತ್ತಡದ ಸ್ಟೀಮ್ ಸುಮಾರು 170 ಡಿಗ್ರಿ ಬಿಸಿ ಇರುತ್ತದೆ. 2 ಇಂಚಿನ ಪೈಪು, ಅಂದರೆ 60.3 ಮಿ.ಮೀ. ಹೊರವ್ಯಾಸದ್ದು, ಗಾಳಿ ಆಡದ ಜಾಗದಲ್ಲಿ ಬರಿ ಮೈಯಲ್ಲಿದ್ದರೆ ಮೀಟರಿಗೆ ಸರಿಸುಮಾರು 530 ವ್ಯಾಟ್ ಕಳೆದುಕೊಳ್ಳುತ್ತದೆ. 25 ಮಿ.ಮೀ. ರಾಕ್‌ವೂಲ್ ಹಾಕಿದರೆ ಅದು 70ಕ್ಕೆ ಇಳಿಯುತ್ತದೆ, 50 ಮಿ.ಮೀ. ಹಾಕಿದರೆ 45ಕ್ಕೆ, 75 ಮಿ.ಮೀ. ಹಾಕಿದರೆ 35ಕ್ಕೆ. ಮೊದಲ 25 ಮಿ.ಮೀ. ಉಳಿಸಿದ್ದು 460 ವ್ಯಾಟ್, ಕೊನೆಯ 25 ಮಿ.ಮೀ. ಉಳಿಸಿದ್ದು ಬರೀ 10. ಈ ಗಾತ್ರದ ಪೈಪಿಗೆ 50ರಲ್ಲಿ ನಿಲ್ಲಿಸಿ, ಉಳಿದ ಹಣವನ್ನು ದಪ್ಪ ತಗಡಿಗೂ ವಾಲ್ವಿನ ಹೊದಿಕೆಗೂ ಹಾಕುವುದೇ ಲಾಭ.

ಸೌದೆಯ ಲೆಕ್ಕದಲ್ಲಿ ಹೇಳುವುದಾದರೆ, 30 ಮೀಟರ್ ಲೈನಿಗೆ 50 ಮಿ.ಮೀ. ಹೊದಿಕೆ ಹಾಕಿದಾಗ ಸುಮಾರು 14.5 ಕಿಲೋವ್ಯಾಟ್ ಉಳಿಯುತ್ತದೆ. ಒಣ ಸೌದೆಯ ಒಂದು ಕೆ.ಜಿ.ಯಿಂದ, ಬಾಯ್ಲರಿನಲ್ಲಿ ಪೋಲಾಗುವುದನ್ನು ಕಳೆದು, 10 ಮೆಗಾಜೂಲ್ ಕೈಗೆ ಸಿಗುತ್ತದೆ ಎಂದುಕೊಂಡರೆ ಗಂಟೆಗೆ 5 ಕೆ.ಜಿ. ಉಳಿತಾಯ. ದಿನಕ್ಕೆ ಹತ್ತು ಗಂಟೆ ಓಡಿಸಿದರೆ 50 ಕೆ.ಜಿ. ಉಳಿಯುತ್ತದೆ. ಸೌದೆ ಹಸಿಯಾಗಿದ್ದರೆ ಉಳಿಯುವ ತೂಕ ಇನ್ನೂ ಹೆಚ್ಚು.

ಯಾವ ಲೈನಿಗೆ ಯಾವ ವಸ್ತು

ಸ್ಟೀಮ್, ಥರ್ಮಿಕ್ ಫ್ಲೂಯಿಡ್ (ಶಾಖ ಒಯ್ಯುವ ಬಿಸಿ ಎಣ್ಣೆ), ಡ್ರೈಯರ್‌ಗೆ ಹೋಗುವ ಬಿಸಿಗಾಳಿ ಡಕ್ಟು, ಇವಕ್ಕೆಲ್ಲ ರಾಕ್‌ವೂಲ್. ಪೈಪಿಗೆ ಹಾಸಿಗೆ ರೂಪದ ಮ್ಯಾಟ್ರೆಸ್‌ಗಿಂತ ಅಚ್ಚಿನಲ್ಲಿ ತಯಾರಾಗಿ ಬರುವ ಅರ್ಧಗೊಳವೆ, ಅಂಗಡಿಯಲ್ಲಿ ಪೈಪ್ ಸೆಕ್ಷನ್ ಎನ್ನುತ್ತಾರೆ, ಅದೇ ಒಳ್ಳೆಯದು. ಘನ ಮೀಟರಿಗೆ 144 ಕೆ.ಜಿ. ಸಾಂದ್ರತೆಯದ್ದನ್ನು ಕೇಳಿ. ಮ್ಯಾಟ್ರೆಸ್ಸನ್ನು ಸಣ್ಣ ಪೈಪಿಗೆ ಎಳೆದು ಸುತ್ತುವಾಗ ಹೊರಮೈ ಹರಿಯುತ್ತದೆ, ಒಳಮೈ ಮುದುಡುತ್ತದೆ, 50 ಎಂದು ಕೊಂಡದ್ದು ಕೆಳಭಾಗದಲ್ಲಿ ಜೋತು ಬಿದ್ದು ಮೇಲ್ಭಾಗದಲ್ಲಿ 30 ಆಗಿರುತ್ತದೆ. 8 ಇಂಚಿಗಿಂತ ದೊಡ್ಡ ಪೈಪಿಗೂ ಡಕ್ಟಿಗೂ ಮ್ಯಾಟ್ರೆಸ್ ಸರಿ. ಬಿಲ್ಲಿನಲ್ಲಿ ಪೈಪ್ ಸೆಕ್ಷನ್‌ಗೆ ಐಎಸ್ (ಭಾರತೀಯ ಮಾನಕ) 9842, ಮ್ಯಾಟ್ರೆಸ್‌ಗೆ ಐಎಸ್ 8183 ಎಂದು ಬರೆಸಿ. ಕೆಲಸದ ಕ್ರಮಕ್ಕೆ ಐಎಸ್ 14164 ಇದೆ, ಗುತ್ತಿಗೆ ಪತ್ರದಲ್ಲಿ ಅದನ್ನು ಹೆಸರಿಸಿದರೆ ಮುಂದೆ ತಕರಾರು ಬಂದಾಗ ಹಿಡಿದುಕೊಳ್ಳಲು ಒಂದು ಆಧಾರ ಸಿಗುತ್ತದೆ.

"ನೀರು ಹಿಡಿಯದ ರಾಕ್‌ವೂಲ್" ಎಂದು ಮಾರುವುದುಂಟು. ಹೊಸದರಲ್ಲಿ ಅದು ನಿಜ, ನೀರು ಹನಿಸಿದರೆ ಜಾರಿ ಹೋಗುತ್ತದೆ. ಆದರೆ ಆ ಗುಣ ಕೊಡುವ ಎಣ್ಣೆಯೂ ಎಳೆಗಳನ್ನು ಹಿಡಿದಿಡುವ ಅಂಟೂ 200 ಡಿಗ್ರಿ ದಾಟಿದ ಕಡೆ ನಿಧಾನವಾಗಿ ಸುಟ್ಟುಹೋಗುತ್ತವೆ. ಥರ್ಮಿಕ್ ಫ್ಲೂಯಿಡ್ ಲೈನಿನಲ್ಲಿ ಮೊದಲ ದಿನ ಬರುವ ಹೊಗೆ, ವಾಸನೆ ಅದರದ್ದೇ. ತಗಡಿನ ಕೆಲಸ ಸಡಿಲ ಬಿಟ್ಟು ಈ ಗುಣವನ್ನೇ ನಂಬಿ ಕೂರಬೇಡಿ.

60–80 ಡಿಗ್ರಿಯ ಬಿಸಿನೀರಿಗೆ 25 ಮಿ.ಮೀ. ರಾಕ್‌ವೂಲ್ ಅಥವಾ 19–25 ಮಿ.ಮೀ. ನೈಟ್ರೈಲ್ ರಬ್ಬರ್ ಫೋಮ್ ಸಾಕು. ಈ ಕಪ್ಪು ರಬ್ಬರ್ ಕೊಳವೆ 105 ಡಿಗ್ರಿವರೆಗೆ ಮಾತ್ರ ತಾಳುತ್ತದೆ, ಸ್ಟೀಮ್ ಲೈನಿಗೆ ಹಾಕಿದರೆ ಗಟ್ಟಿಯಾಗಿ ಬಿರಿಯುತ್ತದೆ. ಸೋಲಾರ್ ಹೀಟರಿನ ಪ್ಯಾನೆಲ್ಲಿಗೆ ಹತ್ತಿರದ ತುಂಡಿಗೂ ಇದೇ ಎಚ್ಚರ ಬೇಕು: ನೀರು ಬಳಸದೆ ನಿಂತ ಬಿಸಿಲಿನ ದಿನ ಅಲ್ಲಿ ಶಾಖ ಮಿತಿ ಮೀರುತ್ತದೆ. ಬಿಸಿಲಿಗೆ ಬರಿ ಮೈ ಬಿಟ್ಟ ರಬ್ಬರ್ ಪುಡಿಯಾಗುತ್ತದೆ. ಮೇಲೆ ತಗಡು ಅಥವಾ ಅದಕ್ಕೆಂದೇ ಬರುವ ಬಣ್ಣ ಬೇಕು.

ಸ್ಟೀಮಿಗೆ 1 ಇಂಚಿನವರೆಗಿನ ಪೈಪಿಗೆ 40 ಮಿ.ಮೀ., 1½ ಮತ್ತು 2 ಇಂಚಿಗೆ 50, 3–4 ಇಂಚಿಗೆ 65 ಮಿ.ಮೀ. ಇಟ್ಟುಕೊಂಡರೆ ತಪ್ಪಾಗದು. ಕಂಡೆನ್ಸೇಟ್ (ಸ್ಟೀಮ್ ತಣಿದು ಆದ ಬಿಸಿನೀರು) ವಾಪಸ್ ಬರುವ ಲೈನನ್ನು ಬರಿ ಮೈ ಬಿಡುವವರೇ ಹೆಚ್ಚು. ಅದಕ್ಕೂ 25–40 ಹಾಕಿ, ಅದರಲ್ಲಿರುವುದು ನೀವು ಸೌದೆ ಸುಟ್ಟು ಕಾಯಿಸಿದ ನೀರೇ. ದಪ್ಪ 75 ಮೀರಿದರೆ ಎರಡು ಪದರ ಮಾಡಿ, ಒಳಪದರದ ಸಂದಿನ ಮೇಲೆ ಹೊರಪದರದ ಸಂದು ಬಾರದಂತೆ ಇಟ್ಟಿಗೆ ಕಟ್ಟುವ ಹಾಗೆ ತಪ್ಪಿಸಿ ಕೂರಿಸಿ.

ಹೊರತಗಡು ಅಲ್ಯೂಮಿನಿಯಂ. ಶೆಡ್ಡಿನೊಳಗೆ 26 ಗೇಜ್ (0.46 ಮಿ.ಮೀ.) ನಡೆಯುತ್ತದೆ, ಹೊರಗೆ 24 ಗೇಜ್ (0.56 ಮಿ.ಮೀ.), ಮರದಡಿ ಹಾಯುವ ಕಡೆ 22 ಗೇಜ್ (0.71 ಮಿ.ಮೀ.). ಸಿಲ್ವರ್ ಓಕಿನ ಒಣ ರೆಂಬೆ ಬಿದ್ದರೆ ತೆಳು ತಗಡು ತಗ್ಗಾಗಿ ಸಂದು ಬಾಯಿ ಬಿಡುತ್ತದೆ. ಉದುರಿದ ಎಲೆ ಪೈಪಿನ ಮೇಲೆ ಕೂತು ಕೊಳೆತು ತಿಂಗಳುಗಟ್ಟಲೆ ತೇವ ಹಿಡಿದಿಡುತ್ತದೆ. ಒಳಬದಿಗೆ ತೇವ ತಡೆಯುವ ತೆಳು ಪೊರೆ ಅಂಟಿಸಿದ ಅಲ್ಯೂಮಿನಿಯಂ ಸಿಗುತ್ತದೆ, ಹೊರಾಂಗಣಕ್ಕೆ ಅದನ್ನೇ ತನ್ನಿ. ಹಳೆಯ ಕ್ರಮದಂತೆ ಸಿಮೆಂಟ್ ಗಿಲಾವು ಮಾಡಿ ಅದರ ಮೇಲೆ ಅಲ್ಯೂಮಿನಿಯಂ ಸುತ್ತಬೇಡಿ, ಒದ್ದೆ ಸಿಮೆಂಟಿನ ಕ್ಷಾರ ತಗಡನ್ನು ತಿನ್ನುತ್ತದೆ.

ಸಾಮಾನು ಪಟ್ಟಿ: 30 ಮೀಟರ್, 2 ಇಂಚು, 50 ಮಿ.ಮೀ.

ಒಂದು ಮೀಟರ್ ಉದ್ದದ ಪೈಪ್ ಸೆಕ್ಷನ್ 32 ಜೊತೆ, ಇದರಲ್ಲಿ ಎರಡು ಬೆಂಡಿಗೆ. ತಗಡಿನ ಅಗಲ ಹೀಗೆ ಲೆಕ್ಕ ಹಾಕಿ: 60.3ಕ್ಕೆ ಎರಡು ಬದಿಯ 100 ಸೇರಿಸಿ 160.3, ಅದನ್ನು 3.14ರಿಂದ ಗುಣಿಸಿದರೆ 503, ಮೇಲೊದಿಕೆಗೆ 50 ಸೇರಿಸಿ 553. ರಾಕ್‌ವೂಲ್ ಎಲ್ಲ ಕಡೆ ಒಂದೇ ಸಮ ಇರುವುದಿಲ್ಲವಾದ್ದರಿಂದ 560 ಮಿ.ಮೀ.ಗೆ ಕತ್ತರಿಸಿ. ಒಂದು ಮೀಟರ್ ತಗಡು 950 ಮಿ.ಮೀ. ಮಾತ್ರ ಮುಚ್ಚುತ್ತದೆ, ಉಳಿದ 50 ಪಕ್ಕದ್ದರ ಮೇಲೆ ಕೂರುತ್ತದೆ. ಹಾಗಾಗಿ 32 ತುಂಡು, ಸುಮಾರು 18 ಚದರ ಮೀಟರ್, ಕತ್ತರಿಕೆ ನಷ್ಟ ಸೇರಿ 20 ಚದರ ಮೀಟರ್. 24 ಗೇಜಿನಲ್ಲಿ ತೂಕ 30 ಕೆ.ಜಿ. 20 ಗೇಜಿನ ಜಿ.ಐ. (ಸತು ಲೇಪಿಸಿದ) ಕಟ್ಟುತಂತಿ 1 ಕೆ.ಜಿ. ಸ್ಟೇನ್‌ಲೆಸ್ ಸ್ಕ್ರೂ 350. ಸಿಲಿಕೋನ್ ಟ್ಯೂಬ್ 4. ಸ್ಟೇನ್‌ಲೆಸ್ ಪೈಪಾದರೆ ತಂತಿಯೂ ಸ್ಟೇನ್‌ಲೆಸ್ಸೇ ಇರಲಿ, ರಾಕ್‌ವೂಲಿನಲ್ಲಿ ಕರಗಬಲ್ಲ ಕ್ಲೋರೈಡ್ ಎಷ್ಟಿದೆ ಎಂಬ ಪ್ರಮಾಣಪತ್ರ ಕೇಳಿ. ಬಿಸಿ ಸ್ಟೇನ್‌ಲೆಸ್ಸನ್ನು ಒದ್ದೆ ಕ್ಲೋರೈಡ್ ಹೊರಗಿನಿಂದ ಸೀಳುತ್ತದೆ.

ಕಟ್ಟುವ ಮೊದಲು

ಹಳೆಯ ಲೈನಿನಲ್ಲಿ ಬಿಳಿ ಗಿಲಾವು ಅಥವಾ ಬಿಳಿ ಹಗ್ಗ ಸುತ್ತಿದ್ದರೆ ಅದು ಕಲ್ನಾರು ಇರಬಹುದು. ಒಣಗಿದ್ದಾಗ ಒಡೆಯಬೇಡಿ, ಗುಡಿಸಬೇಡಿ. ಪರೀಕ್ಷೆ ಮಾಡಿಸಿ, ಕಲ್ನಾರೇ ಆಗಿದ್ದರೆ ತೆಗೆಯುವ ಕೆಲಸವನ್ನು ತಿಳಿದವರಿಗೇ ಬಿಡಿ.

ಒತ್ತಡ ಪರೀಕ್ಷೆಯೂ ಬಾಯ್ಲರ್ ಇಲಾಖೆಯ ತಪಾಸಣೆಯೂ ಮುಗಿಯುವವರೆಗೆ ಯಾವ ವೆಲ್ಡಿಂಗ್ ಸಂದನ್ನೂ ಮುಚ್ಚಬಾರದು. ಆಮೇಲೆ ತಂತಿ ಬ್ರಷ್ಷಿನಿಂದ ತುಕ್ಕು ತೆಗೆದು, ಒರೆಸಿ, ಶಾಖ ತಾಳುವ ಅಲ್ಯೂಮಿನಿಯಂ ಪೇಂಟ್ ಎರಡು ಕೋಟ್ ಕೊಡಿ. ಹೊದಿಕೆಯ ಕೆಳಗಿನ ತುಕ್ಕು ಅತಿ ವೇಗವಾಗಿ ಬೆಳೆಯುವುದು 50ರಿಂದ 175 ಡಿಗ್ರಿಯ ನಡುವೆ, ಇಲ್ಲಿನ ಹೆಚ್ಚಿನ ಲೈನುಗಳು ಓಡುವುದೂ ಆ ನಡುವೆಯೇ. ದಿನಕ್ಕೊಮ್ಮೆ ಬಿಸಿಯಾಗಿ ರಾತ್ರಿ ತಣ್ಣಗಾಗುವ ಲೈನು ಸದಾ ಬಿಸಿ ಇರುವ ಲೈನಿಗಿಂತ ಬೇಗ ಕೆಡುತ್ತದೆ, ಏಕೆಂದರೆ ತಣಿಯುವಾಗ ಒಳಗೆ ಗಾಳಿಯನ್ನೂ ತೇವವನ್ನೂ ಎಳೆದುಕೊಳ್ಳುತ್ತದೆ.

ಮಂಜಿನ ಬೆಳಗಿನಲ್ಲಿ ಕಬ್ಬಿಣ ಮುಟ್ಟಿ ನೋಡಿ, ಬೆವರಿರುತ್ತದೆ. ಲೋಹದ ಬಿಸಿಯು ಇಬ್ಬನಿ ಬಿಂದುವಿಗಿಂತ (ಗಾಳಿಯ ತೇವ ನೀರಾಗಿ ಕೂರತೊಡಗುವ ಉಷ್ಣತೆ) ಕನಿಷ್ಠ 3 ಡಿಗ್ರಿ ಮೇಲಿದ್ದರೆ ಮಾತ್ರ ಪೇಂಟ್ ನಿಲ್ಲುತ್ತದೆ. ಬಿಸಿಲೇರಿದ ಮೇಲೆ ಶುರು ಮಾಡಿ, ಮಧ್ಯಾಹ್ನ ಮೂರಕ್ಕೆ ನಿಲ್ಲಿಸಿ. ಕಕ್ಕಡ ತಿಂಗಳಲ್ಲಿ (ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ) ಹೊರಗಿನ ಲೈನಿಗೆ ಈ ಕೆಲಸ ಹಚ್ಚಿಕೊಳ್ಳಲೇಬೇಡಿ. ಕಾಫಿ ಕೆಲಸ ಮುಗಿದು ಯಂತ್ರ ನಿಂತ ಏಪ್ರಿಲ್, ಮೇ ಅನುಕೂಲ ಕಾಲ, ಆದರೆ ಸಂಜೆ ಗುಡುಗಿನ ಮಳೆ ಬಂದೇ ಬರುತ್ತದೆ. ಅದಕ್ಕೇ ಒಂದು ನಿಯಮ: ಅವತ್ತು ಕಟ್ಟಿದ ರಾಕ್‌ವೂಲಿಗೆ ಅವತ್ತೇ ತಗಡು. ಹತ್ತು ಮೀಟರ್ ಪೂರ್ತಿ ಮುಗಿಸಿ ಮುಂದಿನ ಹತ್ತಕ್ಕೆ ಹೋಗಿ. ಮೂವತ್ತು ಮೀಟರಿಗೂ ರಾಕ್‌ವೂಲ್ ಸುತ್ತಿ ಮರುದಿನ ತಗಡು ಹಾಕೋಣ ಎಂದು ಬಿಟ್ಟ ರಾತ್ರಿಯೇ ಮಳೆ ಬರುತ್ತದೆ. ನೆನೆದದ್ದನ್ನು "ಸ್ಟೀಮ್ ಬಿಟ್ಟರೆ ಒಣಗುತ್ತದೆ" ಎಂದು ಮುಚ್ಚಬೇಡಿ. ತಗಡಿನೊಳಗಿನ ಆವಿ ಹೊರಹೋಗಲಾರದೆ ತಣ್ಣನೆಯ ತುದಿಯಲ್ಲಿ ಮತ್ತೆ ನೀರಾಗಿ ಇಳಿಯುತ್ತದೆ. ಅಷ್ಟನ್ನು ತೆಗೆದು ಹೊಸದು ಹಾಕಿ.

ರಾಕ್‌ವೂಲ್ ಮತ್ತು ತಗಡು

ಅರ್ಧಗೊಳವೆಗಳನ್ನು ಪೈಪಿಗೆ ಕೂರಿಸಿ, ಉದ್ದದ ಸಂದು ಎರಡು ಪಕ್ಕಕ್ಕೆ ಬರಲಿ, ತಲೆಯ ಮೇಲೆ ಬೇಡ. ತುದಿಗಳನ್ನು ಒಂದಕ್ಕೊಂದು ಒತ್ತಿ, 200 ಮಿ.ಮೀ.ಗೊಂದು ತಂತಿ ಕಟ್ಟಿ. ತಂತಿ ರಾಕ್‌ವೂಲಿನೊಳಗೆ ಹೂತುಹೋಗುವಷ್ಟು ಬಿಗಿಯಬೇಡಿ, ಒತ್ತಿಹೋದ ಕಡೆ ದಪ್ಪ ಕಳೆದುಹೋಗುತ್ತದೆ. ತಿರುಚಿದ ತುದಿಯನ್ನು ಒಳಕ್ಕೆ ಮಡಚಿ. ಮ್ಯಾಟ್ರೆಸ್ ಆದರೆ ಮೇಲೆ ಕೋಳಿ ಜಾಲರಿ ಸುತ್ತಿ ಹೊಲಿಯಿರಿ. ನೆಟ್ಟಗೆ ನಿಂತ ಪೈಪಿಗೆ 3 ಮೀಟರಿಗೊಂದು ಆಧಾರದ ಬಳೆ ಬೇಕು, ಇಲ್ಲದಿದ್ದರೆ ವರ್ಷ ಕಳೆದಂತೆ ಹೊದಿಕೆ ಕುಸಿದು ಮೇಲ್ತುದಿಯಲ್ಲಿ ಪೈಪು ಬರಿದಾಗುತ್ತದೆ. ಬಳೆಯನ್ನು ಕ್ಲ್ಯಾಂಪಿನಂತೆ ಬೋಲ್ಟ್ ಹಾಕಿ ಕೂರಿಸಿ, ಪರೀಕ್ಷೆಯಾದ ಪೈಪಿಗೆ ವೆಲ್ಡಿಂಗ್ ಮಾಡಬೇಡಿ.

ತಗಡು ಹಾಕುವುದು ಹೆಂಚು ಹೊದಿಸಿದ ಹಾಗೆ. ಯಾವಾಗಲೂ ತಗ್ಗಿನ ತುದಿಯಿಂದ ಶುರು ಮಾಡಿ, ಎತ್ತರದ ಕಡೆಯ ತಗಡು ತಗ್ಗಿನ ಕಡೆಯದರ ಮೇಲೆ ಕೂರಬೇಕು. ನೆಟ್ಟಗಿನ ಪೈಪಿನಲ್ಲಿ ಕೆಳಗಿನಿಂದ ಮೇಲಕ್ಕೆ. ಮೇಲಿನಿಂದ ಶುರು ಮಾಡಿದರೆ ಕೆಲಸಗಾರನಿಗೆ ಸುಲಭ, ಆದರೆ ಪ್ರತಿ ಸಂದೂ ನೀರು ಹಿಡಿಯುವ ಬಟ್ಟಲಾಗುತ್ತದೆ. ಉದ್ದದ ಸಂದನ್ನು ಗಡಿಯಾರದ 4 ಗಂಟೆ ಅಥವಾ 8 ಗಂಟೆಯ ಜಾಗದಲ್ಲಿ ಇಡಿ, ಮೇಲಿನ ಅಂಚು ಹೊರಗೆ, ಬಾಯಿ ನೆಲಕ್ಕೆ. ಎರಡರಲ್ಲಿ ಯಾವುದು? ಮುಂಗಾರು ಮಳೆ ಪಶ್ಚಿಮ, ನೈಋತ್ಯದಿಂದ ಅಡ್ಡಡ್ಡ ಹೊಡೆಯುತ್ತದೆ. ಸಂದು ಅದಕ್ಕೆ ಬೆನ್ನು ಮಾಡಿ ಪೂರ್ವದ ಕಡೆ ಇರಲಿ. ಗುಡ್ಡದ ಇಳಿಜಾರಿನಲ್ಲಿ ಗಾಳಿ ತಿರುಗಿ ಬೀಸುವ ಜಾಗಗಳಿವೆ. ಗೋಡೆಯ ಯಾವ ಪಕ್ಕದಲ್ಲಿ ಪಾಚಿ ದಟ್ಟವಾಗಿದೆ ಎಂದು ನೋಡಿದರೆ ಅಲ್ಲಿ ಮಳೆ ಎಲ್ಲಿಂದ ಬಡಿಯುತ್ತದೆ ಎಂಬುದು ತಿಳಿದೀತು.

ಸುತ್ತಿನ ಅಂಚಿಗೆ ಬೀಡಿಂಗ್ ಯಂತ್ರದಲ್ಲಿ ಉಬ್ಬು ಹಾಕಿಸಿ, ಸಂದಿನೊಳಗೆ ಸಿಲಿಕೋನ್ ಎಳೆದು ಆಮೇಲೆ ತಗಡು ಒತ್ತಿ. ಹೊರಗಿನಿಂದ ಬಳಿದ ಸಿಲಿಕೋನ್ ಒಂದೆರಡು ಬೇಸಿಗೆಯಲ್ಲಿ ಎದ್ದು ಬರುತ್ತದೆ. ಉದ್ದದ ಸಂದಿಗೆ 150 ಮಿ.ಮೀ.ಗೊಂದು ಸ್ಕ್ರೂ, ಸುತ್ತಿನ ಸಂದಿಗೆ ಮೂರು. ಆದರೆ 6 ಮೀಟರಿಗೊಂದು ಸುತ್ತಿನ ಸಂದನ್ನು ಸ್ಕ್ರೂ ಹಾಕದೆ ಜಾರಲು ಬಿಡಿ, ಮೇಲೊದಿಕೆಯನ್ನು 100 ಮಿ.ಮೀ. ಕೊಡಿ. 30 ಮೀಟರ್ ಉಕ್ಕಿನ ಪೈಪು 170 ಡಿಗ್ರಿಗೆ ಏರಿದಾಗ 50 ಮಿ.ಮೀ.ಗೂ ಹೆಚ್ಚು ಉದ್ದವಾಗುತ್ತದೆ. ಎಲ್ಲ ಸಂದಿಗೂ ಸ್ಕ್ರೂ ಬಿಗಿದಿದ್ದರೆ ತಗಡೇ ಹರಿಯುತ್ತದೆ. ಬಿಸಿ ಲೈನಿನ ತೀರಾ ತಗ್ಗಿನ ಜಾಗದಲ್ಲಿ, ತಳಕ್ಕೆ, 6 ಮಿ.ಮೀ.ನ ಒಂದು ರಂಧ್ರ ಕೊರೆಯಿರಿ. ಒಳಹೊಕ್ಕ ನೀರಿಗೆ ಅದೇ ದಾರಿ, ಒಳಗೆ ನೀರು ಇದೆಯೆಂದು ನಿಮಗೆ ಹೇಳುವುದೂ ಅದೇ.

ಬೆಂಡಿನಲ್ಲಿ ಒಂದು ಲೆಕ್ಕ ಗಮನಿಸಿ. 2 ಇಂಚಿನ ಲಾಂಗ್ ರೇಡಿಯಸ್ ಬೆಂಡಿನ ತ್ರಿಜ್ಯ 76 ಮಿ.ಮೀ., ಹೊದಿಕೆಯ ಹೊರ ತ್ರಿಜ್ಯ 80. ಅಂದರೆ ಒಳಮೂಲೆಯಲ್ಲಿ ತಗಡಿಗೆ ಬಾಗಲು ಜಾಗವೇ ಇಲ್ಲ. ಇಲ್ಲಿ ಚಿಕ್ಕ ಚಿಕ್ಕ ತುಂಡುಗಳ ಬೆಂಡು ಮಾಡಲು ಹೋದರೆ ಒಳಮೂಲೆ ಬಿರುಕು ಬಿಡುತ್ತದೆ. 45 ಡಿಗ್ರಿಗೆ ಕತ್ತರಿಸಿದ ಎರಡು ತುಂಡಿನ ಮೂಲೆಯೇ ಸರಿ. 4 ಇಂಚಿನಲ್ಲಿ ತ್ರಿಜ್ಯ 152, ಅಲ್ಲಿ ಐದಾರು ತುಂಡುಗಳ ದುಂಡು ಬೆಂಡು ಚೆನ್ನಾಗಿ ಕೂರುತ್ತದೆ.

ನೀರು ನಿಜಕ್ಕೂ ಒಳನುಗ್ಗುವುದು ತಗಡು ಕತ್ತರಿಸಿದ ಕಡೆ: ಸಪೋರ್ಟ್, ಹ್ಯಾಂಗರ್ ಸರಳು, ಪ್ರೆಶರ್ ಗೇಜಿನ ಕವಲು, ವಾಲ್ವಿನ ಕುತ್ತಿಗೆ. ಪೈಪನ್ನು ನೇರ ಕ್ಲ್ಯಾಂಪ್ ಹಿಡಿದಿದ್ದರೆ ಅಲ್ಲಿ ಹೊದಿಕೆ ತುಂಡಾಗಲೇಬೇಕು. ಪೈಪ್ ಹಾಕುವಾಗಲೇ 100 ಮಿ.ಮೀ. ಎತ್ತರದ ಶೂ (ಪೈಪಿನಡಿಯ ಆಧಾರದ ಕಾಲು) ಇಟ್ಟರೆ ತಗಡು ಅದರ ಮೇಲೆ ಅಖಂಡವಾಗಿ ಹಾಯುತ್ತದೆ. ಅಕ್ಕಪಕ್ಕದ ಎರಡು ಲೈನುಗಳ ತಗಡಿನ ನಡುವೆ 50 ಮಿ.ಮೀ. ತೆರವು ಬಿಡಿ, ಇಲ್ಲದಿದ್ದರೆ ಹಿಂಬದಿಗೆ ಕೈ ಹೋಗದೆ ಅಲ್ಲಿ ಸ್ಕ್ರೂ ಬೀಳುವುದಿಲ್ಲ. ಮೇಲಿನಿಂದ ಇಳಿಯುವ ಸರಳಿಗೆ ಕೊಡೆಯಂತೆ ಇಳಿಬಿಟ್ಟ ತಗಡಿನ ಕಾಲರ್ ಹಾಕಿ, ಬರೀ ಸಿಲಿಕೋನ್ ಮೆತ್ತಿ ಬಿಡಬೇಡಿ.

ಫ್ಲಾಂಜಿನ (ಬೋಲ್ಟ್ ಹಾಕಿ ಪೈಪ್ ಕೂಡಿಸುವ ಅಂಚುಬಳೆ) ಎರಡು ಕಡೆ ಬೋಲ್ಟಿನ ಉದ್ದಕ್ಕೆ 25 ಮಿ.ಮೀ. ಸೇರಿಸಿದಷ್ಟು ಜಾಗ ಬಿಟ್ಟು ಹೊದಿಕೆಯ ತುದಿಯನ್ನು ತಗಡಿನ ಬಿಲ್ಲೆಯಿಂದ ಮುಚ್ಚಿ. ತೆರೆದ ತುದಿಯಲ್ಲಿ ಇಲಿಯೂ ಇರುವೆಯೂ ಮನೆ ಮಾಡುತ್ತವೆ. ಬರಿ ಮೈಯ 2 ಇಂಚಿನ ವಾಲ್ವ್ ಒಂದು ಮೀಟರ್ ಬರಿ ಪೈಪಿನಷ್ಟು ಶಾಖ ಬಿಡುತ್ತದೆ. ಆದ್ದರಿಂದ ವಾಲ್ವಿಗೂ ಫ್ಲಾಂಜಿಗೂ ಕ್ಲಿಪ್ ಹಾಕಿದ, ಬಿಚ್ಚಿ ಹಾಕಬಹುದಾದ ಪೆಟ್ಟಿಗೆ ಮಾಡಿಸಿ. ಸ್ಕ್ರೂ ಹೊಡೆದು ಮುಚ್ಚಿದರೆ ಮೊದಲ ಗ್ಯಾಸ್ಕೆಟ್ ಬದಲಾವಣೆಗೆ ಕಿತ್ತು ಮೂಲೆಗೆ ಬಿದ್ದದ್ದು ಮತ್ತೆ ಹತ್ತುವುದಿಲ್ಲ.

ಸೇಫ್ಟಿ ವಾಲ್ವ್ ಮುಚ್ಚಬಾರದು. ಥರ್ಮೋಸ್ಟ್ಯಾಟಿಕ್ ಟ್ರ್ಯಾಪನ್ನೂ (ಸ್ಟೀಮ್ ತಡೆದು ಕಂಡೆನ್ಸೇಟ್ ಮಾತ್ರ ಹೊರಬಿಡುವ ಸಾಧನ) ಅದರ ಹಿಂದಿನ ಒಂದು ಮೀಟರ್ ಪೈಪನ್ನೂ ಬರಿ ಬಿಡಿ, ಕಂಡೆನ್ಸೇಟ್ ಸ್ವಲ್ಪ ತಣಿದರೆ ಮಾತ್ರ ಅದು ತೆರೆಯುತ್ತದೆ. ಬಿಲ್ಲೆ ಹಾರುವ ಥರ್ಮೋಡೈನಮಿಕ್ ಟ್ರ್ಯಾಪಿನದು ಬೇರೆ ಕಥೆ: ಅದರ ಮುಚ್ಚಳಕ್ಕೆ ಮಳೆ ಬಡಿದರೆ ಒಳಗಿನ ಸ್ಟೀಮ್ ಬೇಗ ತಣಿದು ಬಿಲ್ಲೆ ಮೇಲಿಂದ ಮೇಲೆ ಟಕಟಕ ತೆರೆಯುತ್ತದೆ, ಒಳ್ಳೆಯ ಸ್ಟೀಮ್ ಪೋಲಾಗುತ್ತದೆ. ಅದಕ್ಕೆ ತಯಾರಕರೇ ಕೊಡುವ ಟೋಪಿ ಹಾಕಿ.

ತಣ್ಣನೆಯ ಲೈನು: ಇಲ್ಲಿ ನಿಯಮ ತಿರುಗುಮುರುಗು

ಹಾಲು ತಣಿಸುವ ಘಟಕ, ಮಾಂಸದ ಶೀತಲ ಕೋಣೆ, ರೆಸಾರ್ಟಿನ ಎ.ಸಿ. ಲೈನುಗಳಲ್ಲಿ ನೀರು ಬರುವುದು ಮಳೆಯಿಂದಲ್ಲ, ಗಾಳಿಯಿಂದ. ಹೊದಿಕೆಯ ಹೊರಮೈ ಇಬ್ಬನಿ ಬಿಂದುವಿಗಿಂತ ತಣ್ಣಗಾದರೆ ಬೆವರುತ್ತದೆ. 24 ಡಿಗ್ರಿ ಗಾಳಿಯಲ್ಲಿ ತೇವಾಂಶ ಶೇ. 85 ಇದ್ದರೆ ಇಬ್ಬನಿ ಬಿಂದು 21.3, ಶೇ. 90ಕ್ಕೆ 22.3, ಶೇ. 95ಕ್ಕೆ 23.1. ಒಂದು ಇಂಚಿನ ಪೈಪಿನಲ್ಲಿ 4 ಡಿಗ್ರಿ ನೀರು ಹರಿಯುತ್ತಿದ್ದರೆ ಬೆವರು ತಡೆಯಲು ಮೊದಲನೆಯದಕ್ಕೆ ಸುಮಾರು 20 ಮಿ.ಮೀ. ನೈಟ್ರೈಲ್ ಸಾಕು, ಎರಡನೆಯದಕ್ಕೆ 30 ಬೇಕು, ಮೂರನೆಯದಕ್ಕೆ 54. ಬಯಲುಸೀಮೆಯ ಪಟ್ಟಿ ನೋಡಿ 19 ಮಿ.ಮೀ. ತಂದವರ ಲೈನು ಜುಲೈನಲ್ಲಿ ತೊಟ್ಟಿಕ್ಕುವುದು ಇದಕ್ಕೇ. 32 ಮಿ.ಮೀ. ಹಾಕಿ, ಕೋಣೆಯಲ್ಲಿ ಗಾಳಿ ಆಡುವಂತೆ ಮಾಡಿ. ಮಿರುಗುವ ಅಲ್ಯೂಮಿನಿಯಂ ಸುತ್ತಿದರೆ ಕೋಣೆಯ ಶಾಖವನ್ನು ಅದು ಕಡಿಮೆ ಹೀರುವುದರಿಂದ ಮೈ ಇನ್ನೂ ತಣ್ಣಗಾಗಿ ಬೆವರು ಹೆಚ್ಚುತ್ತದೆ. ಒಳಾಂಗಣದಲ್ಲಿ ಕಪ್ಪು ರಬ್ಬರನ್ನು ಹಾಗೇ ಬಿಡುವುದು ಮೇಲು.

ಇಲ್ಲಿ ರಂಧ್ರ ಕೊರೆಯಬಾರದು, ಸ್ಕ್ರೂ ಹೊಡೆಯಬಾರದು. ತಗಡು ಬೇಕಾದರೆ ಪಟ್ಟಿ ಬಿಗಿದು ಹಿಡಿಸಿ. ಸೂಜಿ ಮೊನೆಯಷ್ಟು ತೂತಿದ್ದರೂ ಆವಿ ಒಳನುಗ್ಗಿ ಪೈಪಿನ ಮೇಲೆ ನೀರಾಗುತ್ತದೆ, ಹೊರಬರುವುದಿಲ್ಲ. ಎಲ್ಲ ಸಂದಿಗೂ ಅಂಟು ಬಳಿದು ಕೂಡಿಸಿ, ಮೇಲಿನ ಟೇಪು ಹೆಚ್ಚುವರಿ ಮಾತ್ರ. ಕೊಳವೆಯನ್ನು ಒಂದಿಷ್ಟು ಉದ್ದವಾಗಿ ಕತ್ತರಿಸಿ ಒತ್ತಿ ಕೂರಿಸಿ, ಎಳೆದು ಕೂಡಿಸಿದ ಸಂದು ಬಿಟ್ಟುಕೊಳ್ಳುತ್ತದೆ. 2 ಮೀಟರಿಗೊಮ್ಮೆ ಕೊಳವೆಯ ತುದಿಯನ್ನು ಪೈಪಿಗೇ ಅಂಟಿಸಿದರೆ ಒಂದು ಕಡೆ ಸೋರಿದರೂ ಅಷ್ಟರಲ್ಲೇ ನಿಲ್ಲುತ್ತದೆ. ತೇವದ ದಿನ ಅಂಟು ಒಣಗುವಾಗ ತಾನೇ ತಣಿದು ಮೇಲೆ ತೆಳು ನೀರಿನ ಪೊರೆ ಕಟ್ಟುತ್ತದೆ, ಬೆರಳಿಗೆ ಜಾರಿದರೆ ಒರೆಸಿ ಮತ್ತೆ ಬಳಿಯಿರಿ. ಅಂಟು ಹಿಡಿಯಲು 36 ಗಂಟೆ ಬಿಟ್ಟು ಆಮೇಲೆ ಚಿಲ್ಲರ್ ಚಾಲೂ ಮಾಡಿ. ಸಪೋರ್ಟಿನಲ್ಲಿ ಗಟ್ಟಿ ಪಿಯುಎಫ್ (ಪಾಲಿಯುರೆಥೇನ್ ಫೋಮ್) ತುಂಡು ಇಟ್ಟು ರಬ್ಬರನ್ನು ಅದರ ಎರಡು ಮುಖಕ್ಕೂ ಅಂಟಿಸಿ. ಕಬ್ಬಿಣದ ಕ್ಲ್ಯಾಂಪ್ ಪೈಪನ್ನು ನೇರ ಮುಟ್ಟಿದರೆ ಆ ಕ್ಲ್ಯಾಂಪಿನಿಂದಲೇ ಹನಿ ಶುರು.

ಮಳೆಗೆ ಮುಂಚೆ, ಮಳೆಯ ನಡುವೆ

ಮೇ ಕೊನೆಯಲ್ಲಿ ಒಮ್ಮೆ ಲೈನಿನ ಉದ್ದಕ್ಕೂ ನಡೆಯಿರಿ: ಕಾಲಿಟ್ಟು ತಗ್ಗಾದ ತಗಡು, ಬಿದ್ದುಹೋದ ಸ್ಕ್ರೂ, ಎದ್ದ ಸಿಲಿಕೋನ್, ಮೇಲೆ ಕೂತ ಎಲೆ. ಜುಲೈನಲ್ಲಿ ಮಳೆ ಬಿಟ್ಟ ಒಂದು ದಿನ, ಲೈನು ಬಿಸಿ ಇರುವಾಗ ಮತ್ತೆ ನೋಡಿ. 50 ಮಿ.ಮೀ. ಹೊದಿಕೆಯ ತಗಡು ಬೆಚ್ಚಗೆ, 40 ಡಿಗ್ರಿಯ ಆಸುಪಾಸು ಇರಬೇಕು. ಒಂದು ಕಡೆ ಮಾತ್ರ ಕೈ ಇಡಲಾಗದಷ್ಟು ಸುಡುತ್ತಿದ್ದರೆ, ಸಂದಿನಿಂದ ಆವಿ ಏಳುತ್ತಿದ್ದರೆ, ತಳದ ರಂಧ್ರದಿಂದ ಕಂದು ನೀರು ಇಳಿಯುತ್ತಿದ್ದರೆ ಆ ತುಂಡಿನ ತಗಡು ಬಿಚ್ಚಿ. ನೀರು ಹೊಕ್ಕ ಬಾಯಿ ಸಾಮಾನ್ಯವಾಗಿ ಆ ಜಾಗದಲ್ಲಿರುವುದಿಲ್ಲ, ಅಲ್ಲಿಂದ ಏರಿನ ಕಡೆಗೆ, ಹತ್ತಿರದ ಸಪೋರ್ಟಿನಲ್ಲೋ ವಾಲ್ವಿನಲ್ಲೋ ಇರುತ್ತದೆ. ಅದನ್ನು ಹುಡುಕಿ ಮುಚ್ಚಿದ ಮೇಲೆ ಒದ್ದೆಯಾದ ರಾಕ್‌ವೂಲನ್ನು ಎರಡು ಕಡೆ ಒಣ ತುದಿ ಸಿಗುವವರೆಗೆ ತೆಗೆದು, ಪೈಪಿನ ತುಕ್ಕು ಉಜ್ಜಿ ಪೇಂಟ್ ಮಾಡಿ, ಒಣಗಿದ ಮೇಲೆ ಹೊಸ ಸೆಕ್ಷನ್ ಕಟ್ಟಿ.